ತಳ ಹಿಡಿದ ಹುಗ್ಗಿ

ಅಮಾತೆಪ್ಪನ ಬಲಗೈ ಬಿದ್ದುಹೋದದ್ದು ಯುಗಾದಿ ಕಳೆದ ಮೇಲೆ. ಬೆಳಗ್ಗೆ ಎದ್ದು ತಂಬಿಗೆ ಎತ್ತಲು ಹೋದರೆ ತಂಬಿಗೆಯೂ ಏಳಲಿಲ್ಲ, ಕೈಯೂ ಏಳಲಿಲ್ಲ. ಬಾಗಲಕೋಟೆಯ ದವಾಖಾನೆಯಲ್ಲಿ ತಿಂಗಳೊಪ್ಪತ್ತು ಮಲಗಿ ಎದ್ದಾಗ ಮಾತು ಸರಿಹೋಯಿತು, ಕಾಲು ಸರಿಹೋಯಿತು, ಕೈ ಮಾತ್ರ ಒದ್ದೆ ಟವೆಲ್ಲಿನ ಹಾಗೆ ಜೋತುಬಿದ್ದೇ ಉಳಿಯಿತು. ಬೇರೆ ಯಾರಾದರೂ ಆಗಿದ್ದರೆ ಇನ್ನು ಹೊಲ ಹೇಗೆ, ದನ ಹೇಗೆ ಎಂದು ಚಿಂತಿಸುತ್ತಿದ್ದರು. ಅಮಾತೆಪ್ಪ ಚಿಂತಿಸಿದ್ದು ಹುಗ್ಗಿಯನ್ನು.

ಹುನಗುಂದ ತಾಲ್ಲೂಕಿನ ಅವರ ಊರಿನ ಮಠದಲ್ಲಿ ಶ್ರಾವಣ ಪೂರ್ತಿ ಪುರಾಣ ನಡೆಯುತ್ತದೆ. ಪುರಾಣ ಮುಗಿಯುವ ಮಂಗಲದ ದಿನ ಸುತ್ತಲಿನ ಊರುಗಳ ಜನ ಚಕ್ಕಡಿ ಕಟ್ಟಿಕೊಂಡು, ಬಸ್ಸು ಹತ್ತಿಕೊಂಡು, ನಡೆದುಕೊಂಡು ಬರುತ್ತಾರೆ. ಪುರಾಣ ಕೇಳಿ ಪುಣ್ಯ ಬಂತೋ ಬಿಟ್ಟಿತೋ, ಹುಗ್ಗಿ ಉಣ್ಣದೆ ಯಾರೂ ಮನೆಗೆ ಹೋಗುವುದಿಲ್ಲ. ಕುಟ್ಟಿದ ಗೋಧಿಯನ್ನು ಬೇಯಿಸಿ, ಬೆಲ್ಲ ಸುರಿದು, ಗಸಗಸೆ ಏಲಕ್ಕಿ ಕೊಬ್ಬರಿ ಹಾಕಿ, ಆಳೆತ್ತರದ ಕಟ್ಟಿಗೆಯ ಹುಟ್ಟಿನಿಂದ ತಿರುವಿ ತಿರುವಿ ಇಳಿಸುವ ಹುಗ್ಗಿ ಅದು. ಆ ಹುಟ್ಟು ಹಿಡಿಯುವ ಸೇವೆ ಅಮಾತೆಪ್ಪನ ಮನೆತನದ್ದು. ಅಪ್ಪ ಹಿಡಿದಿದ್ದ, ಆಮೇಲೆ ಇವನು ಹಿಡಿದ. ಹೆಣ್ಣುಮಕ್ಕಳನ್ನಷ್ಟೇ ಪಡೆದ ಅಮಾತೆಪ್ಪನಿಗೆ ತನ್ನ ನಂತರ ಯಾರು ಎಂಬ ಕೊರಗು ಮೊದಲೇ ಇತ್ತು. ಈಗ ಹಿಡಿಯುವ ಕೈಯೇ ಹೋಗಿತ್ತು.

ಸೇವೆ ತಪ್ಪಿದರೆ ಏನಾಗುತ್ತದೆಂದು ಊರಿಗೆಲ್ಲ ಗೊತ್ತಿತ್ತು. ಹಿಂದೊಮ್ಮೆ ಸಾರಿನ ಸೇವೆಯ ಮನೆಯವರು ಸಾರು ಕೆಡಿಸಿ ಸೇವೆ ಕಳೆದುಕೊಂಡರು. ಯಾರೂ ಅವರನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಆದರೆ ಆ ಮನೆಯ ಯಜಮಾನ ಇವತ್ತಿಗೂ ಮಠದ ಮುಂದಿನ ಹಾದಿ ಬಿಟ್ಟು ಹಿಂದಿನ ಓಣಿಯಿಂದ ಹೊಲಕ್ಕೆ ಹೋಗುತ್ತಾನೆ.

ಮಾವನ ಈ ಸಂಕಟ ನೋಡಲಾರದೆ ನಡುವೆ ಬಾಯಿ ಹಾಕಿದವನು ಅಂದಪ್ಪ. ಅಮಾತೆಪ್ಪನಿಗೆ ಅವನು ಅಕ್ಕನ ಮಗನೂ ಹೌದು, ಹಿರಿಯ ಮಗಳು ಸಾವಿತ್ರೆವ್ವನ ಗಂಡನೂ ಹೌದು. ಕೆಮಿಕಲ್ ಇಂಜಿನಿಯರಿಂಗ್ ಓದಿ ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಎಣ್ಣೆ, ಕಾಕಂಬಿ, ಗಂಜಿಯಂಥ ದಪ್ಪ ದ್ರವಗಳು ಕೊಳವೆಯಲ್ಲಿ, ಪಾತ್ರೆಯಲ್ಲಿ ಹೇಗೆ ಹರಿಯುತ್ತವೆ ಎಂಬುದೇ ಅವನ ಪಾಠ. ಹುಡುಗರು ಬೆನ್ನ ಹಿಂದೆ ಅವನನ್ನು ‘ಗಂಜಿ ಸರ್’ ಎನ್ನುತ್ತಿದ್ದರು. ಅದು ಅವನಿಗೂ ಗೊತ್ತಿತ್ತು. ಸ್ವಭಾವತಃ ಅಂಜುಬುರುಕ, ಮನೆಗೆ ಬೀಗ ಹಾಕಿ ಬಂದರೆ ಬಸ್‌ಸ್ಟ್ಯಾಂಡಿನಿಂದ ಮರಳಿ ಹೋಗಿ ಜಗ್ಗಿ ನೋಡುವ ಪೈಕಿ. ಅಂಥವನು ಈ ಭಾರಕ್ಕೆ ಯಾಕೆ ಹೆಗಲು ಕೊಟ್ಟನೋ ಶಿವನೇ ಬಲ್ಲ.

“ಮಾವ, ಕೈ ಇಲ್ಲದಿದ್ರ ಮೋಟರ್ ತಿರುವತೈತ್ರಿ. ಉರಿ ಬದಲಿ ಹಬಿ,” ಎಂದ.

ಇಳಕಲ್ಲಿನಲ್ಲಿ ನೂಲಿಗೆ ಬಣ್ಣ ಹಾಕುವವರ ಬಾಯ್ಲರುಗಳನ್ನು ರಿಪೇರಿ ಮಾಡುವ ಲಾಡಸಾಬನಿಂದ ಅವನೊಂದು ಕೊಪ್ಪರಿಗೆ ಮಾಡಿಸಿದ. ಒಂದರೊಳಗೊಂದು ಕೂತ ಎರಡು ಗೋಡೆ. ನಡುವೆ ಹಬೆ ತುಂಬಿದರೆ ಒಳಗಿನದು ಬೇಯುತ್ತದೆ. ಮೇಲೆ ಮೋಟರು, ಅದರಿಂದ ನಡುಮಧ್ಯಕ್ಕೆ ಇಳಿಬಿದ್ದ ಉಕ್ಕಿನ ರೆಕ್ಕೆ. ಮಠದ ಹಿರಿಯ ಜಂಗಮರಾದ ಸಂಗಯ್ಯನವರು ಬಂದು ಅದರ ಸುತ್ತ ಒಂದು ಸುತ್ತು ಹಾಕಿ ನೋಡಿದರು. ನೈವೇದ್ಯವಾದ ಮೇಲೆ ಮೊದಲ ತುತ್ತು ಅವರದೇ. ಅವರು ಸರಿ ಎಂದರೆ ಮಾತ್ರ ಊರು ಉಣ್ಣುತ್ತದೆ.

“ಅಮಾತೆಪ್ಪ, ನಿನ್ನ ಮಾತಿನ ಮ್ಯಾಲ ಬಿಟ್ಟೇನಿ. ಮಶೀನ್ ತಿರುವಲಿ, ಮನಶ್ಯಾ ತಿರುವಲಿ, ಹುಗ್ಗಿ ಹುಗ್ಗಿ ಆಗಿರಬೇಕು. ಬಾಯಾಗ ಹೊತ್ತ ವಾಸನಿ ಬಂತಂದ್ರ ಮುಂದಿನ ವರ್ಷ ಹುಟ್ಟು ದೇವಪ್ಪನ ಮನಿಗೆ ಹೋಗತೈತಿ. ಆಮ್ಯಾಲ ನನಗ ಬೈಬ್ಯಾಡ.”

“ಇಲ್ಲರಿ ಅಜ್ಜಾರ. ನಮ್ಮ ಅಂದಪ್ಪ ಅದಾನ,” ಎಂದ ಅಮಾತೆಪ್ಪ.

ಕೊನೆಯ ಆ ಮೂರು ಶಬ್ದ ಅಂದಪ್ಪನ ನಿದ್ದೆ ಕೆಡಿಸಿದವು. ಸುಮ್ಮನೆ ‘ನಾನಿದ್ದೇನೆ’ ಅಂದಿದ್ದರೆ ಮಾವನದೇನು ಗಂಟು ಹೋಗುತ್ತಿತ್ತು?

ಕೊಪ್ಪರಿಗೆಯಲ್ಲಿ ಒಮ್ಮೆ ಹುಗ್ಗಿ ಮಾಡಿ ನೋಡಿದ್ದರೆ ಎಲ್ಲ ತಿಳಿಯುತ್ತಿತ್ತು. ಆದರೆ ಅದು ಮೀಸಲು ಪಾತ್ರೆ. ಮಠಕ್ಕೆಂದು ಮಾಡಿಸಿದ ಹೊಸ ಪಾತ್ರೆಯಲ್ಲಿ ಮೊದಲು ಬೇಯುವುದು ಮಠದ ನೈವೇದ್ಯವೇ ಆಗಬೇಕು; ಅದಕ್ಕೂ ಮೊದಲು ಬೇರೆ ಅನ್ನ ಬೇಯಿಸಿದರೆ ಎಂಜಲಾದಂತೆ. ಹೀಗಾಗಿ ಅಂದಪ್ಪ ನೀರು ತುಂಬಿ ತಿರುಗಿಸಿ ನೋಡಿದ. ನೀರು ಗೋಡೆಯವರೆಗೂ ಗಿರಗಿರ ಸುತ್ತಿತು. ಇನ್ನು ಹುಗ್ಗಿಯ ಅಂಟುತನ ಎಷ್ಟೆಂದು ತಿಳಿಯಬೇಕಲ್ಲ? ಸಾವಿತ್ರೆವ್ವನಿಂದ ಮನೆಯಲ್ಲಿ ಹುಗ್ಗಿ ಮಾಡಿಸಿ, ಉದ್ದನೆಯ ಗಾಜಿನ ಕೊಳವೆಗೆ ಸುರಿದು, ಸೈಕಲ್ ಬೇರಿಂಗಿನ ಗುಂಡೊಂದನ್ನು ಬಿಟ್ಟು, ಅದು ಎಷ್ಟು ನಿಧಾನ ಮುಳುಗುತ್ತದೆ ಎಂಬುದರ ಮೇಲೆ ಈ ರೆಕ್ಕೆ, ಈ ಮೋಟರು ಸಾಕೇ ಎಂದು ಲೆಕ್ಕ ಹಾಕಿದ. “ಉಣ್ಣೂ ಅನ್ನದಾಗ ಸೈಕಲ್ ಗುಂಡ ಹಾಕತೀರಿ, ನಿಮಗ ಹುಚ್ಚ ಹಿಡದೈತಿ,” ಎಂದು ಹೆಂಡತಿ ಬೈದಳು. ಲೆಕ್ಕ ಮಾತ್ರ ಸರಿಯಾಗಿ ಬಂತು.

ಲೆಕ್ಕ ಸರಿ, ಹುಗ್ಗಿ ತಪ್ಪು. ಸಾವಿತ್ರೆವ್ವನ ಹುಗ್ಗಿ ರುಚಿಯಾದದ್ದೇ, ಆದರೆ ಸಡಿಲ. ಗಂಡ ಬಟ್ಟಲಿನಲ್ಲಿ ಹಾಲು, ತುಪ್ಪ ಸುರಿದುಕೊಂಡು ಕುಡಿದಂತೆ ಉಣ್ಣುತ್ತಾನೆಂದು ಮದುವೆಯಾದಂದಿನಿಂದ ಅವಳು ತೆಳ್ಳಗೇ ಮಾಡುತ್ತಿದ್ದಳು. ಮಠದ್ದು ಎಲೆಯ ಮೇಲಿನ ಹುಗ್ಗಿ. ಹಾಕಿದಲ್ಲೇ ಗಟ್ಟಿಯಾಗಿ ಕೂರಬೇಕು, ಪಕ್ಕದವನ ಎಲೆಗೆ ಹರಿದುಹೋಗಬಾರದು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುತ್ತಾರೆ ಹಿರಿಯರು; ಅಂದಪ್ಪನ ಮುಕ್ಕಾಲು ಆ ಹೊತ್ತಿಗೆ ಹೆಂಡತಿಯ ಬಟ್ಟಲಿನಲ್ಲಿ ಮುಳುಗಿತ್ತು.

ಮಂಗಲದ ದಿನ ಬೆಳಗಾಗುವ ಹೊತ್ತಿಗೆ ಮಠದ ಹಿತ್ತಲಿನಲ್ಲಿ ಲಾಡಸಾಬನ ಬಾಯ್ಲರು ಬುಸುಗುಡುತ್ತಿತ್ತು. ಅಡುಗೆಯವರೆಲ್ಲ ಮಿಂದು ಮಡಿಯುಟ್ಟು ಮೂಗು ಬಾಯಿಗೆ ಬಿಳಿ ವಸ್ತ್ರ ಕಟ್ಟಿಕೊಂಡಿದ್ದರು. ನೈವೇದ್ಯಕ್ಕೆ ಉಸಿರು ತಾಗಬಾರದು, ಮೂಸಿ ನೋಡಬಾರದು. ನಾಲಿಗೆಗೆ ಹಚ್ಚಿ ನೋಡುವ ಮಾತಂತೂ ಕನಸಿನಲ್ಲೂ ಇಲ್ಲ. ಅಮಾತೆಪ್ಪ ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದು, ಅಂದಪ್ಪ ಅದರಲ್ಲಿಟ್ಟ ಮೊದಲ ಹಿಡಿ ಗೋಧಿಯನ್ನು ತಾನೇ ಕೊಪ್ಪರಿಗೆಗೆ ಹಾಕಿ, ಬಾಗಿಲ ಬಳಿ ಮಣೆಯ ಮೇಲೆ ಕೂತ. ಗೋಧಿ ಬೆಂದಿತು. ಬೆಲ್ಲ ಬಿತ್ತು. ಅಲ್ಲಿಯವರೆಗೂ ಮೋಟರು ಹಾಡುತ್ತಿತ್ತು.

ಆಮೇಲೆ ಅದರ ಸ್ವರ ಬದಲಾಯಿತು. ಏರು ಹತ್ತುವ ಲಾರಿಯಂತೆ ತೇಕತೊಡಗಿತು. ಅಂದಪ್ಪ ಸ್ಟೂಲಿನ ಮೇಲೆ ಹತ್ತಿ ಬಗ್ಗಿ ನೋಡಿದ. ನಡುವೆ ರೆಕ್ಕೆಯ ಸುತ್ತ ಒಂದಿಷ್ಟು ಹುಗ್ಗಿ ಗರಗರ ತಿರುಗುತ್ತಿತ್ತು. ಅದರಾಚೆ ಎಲ್ಲ ನಿಧಾನ, ಇನ್ನೂ ಆಚೆ ಇನ್ನೂ ನಿಧಾನ, ಗೋಡೆಯ ಹತ್ತಿರ ಏನೂ ಇಲ್ಲ. ತೇಲಿಬಂದ ಒಂದು ಕೊಬ್ಬರಿ ಚೂರು ಅಂಚಿನಲ್ಲಿ ಸಿಕ್ಕಿಕೊಂಡಿತ್ತು. ಅವನು ಎಷ್ಟು ಹೊತ್ತು ನೋಡಿದರೂ ಅದು ಜಾಗ ಬಿಟ್ಟು ಕದಲಲಿಲ್ಲ.

ಯಾವ ದ್ರವವೇ ಇರಲಿ, ಗೋಡೆಗೆ ತಾಗಿದ ಪದರ ನಿಂತೇ ಇರುತ್ತದೆ, ಹೊಳೆ ನಡುವೆ ಓಡಿದರೂ ದಂಡೆಯಲ್ಲಿ ಓಡುವುದಿಲ್ಲ ಎಂದು ಪ್ರತಿ ವರ್ಷ ಹಲಗೆಯ ಮೇಲೆ ಗೆರೆ ಎಳೆದು ತೋರಿಸುವವನು ಅವನೇ. ದ್ರವ ದಪ್ಪವಾದಷ್ಟೂ ಆ ಸೋಮಾರಿ ಪದರವೂ ದಪ್ಪವಾಗುತ್ತದೆ ಎಂದು ಪರೀಕ್ಷೆಗೆ ಪ್ರಶ್ನೆ ಕೊಡುವವನೂ ಅವನೇ. ಇಲ್ಲಿ ಆ ಪದರದ ಬೆನ್ನಿಗೆ ಹಬೆ ಕಾಯುತ್ತಿತ್ತು. ಅದೂ ಸಾಲದೆಂದು, ಬೇಯುವುದು ತಡವಾಯಿತೆಂಬ ಆತುರಕ್ಕೆ ತಾಸಿನ ಹಿಂದೆ ಲಾಡಸಾಬನಿಗೆ ಹಬೆ ಏರಿಸಲು ಹೇಳಿದವನೂ ಅವನೇ.

ಅಂಚಿನಲ್ಲಿ ಬುಳುಕ್ ಎಂದು ಒಂದು ಗುಳ್ಳೆ ಒಡೆಯಿತು. ಒಳಗಿನಿಂದ ಬಂದ ಬೆಲ್ಲದ ಪಾಕ ಕೆಂಪಗಿರಲಿಲ್ಲ, ಕಂದಾಗಿತ್ತು. ಮೂಗಿನ ವಸ್ತ್ರವನ್ನೂ ದಾಟಿ ಒಂದು ಎಳೆ ಕಮರು ವಾಸನೆ ಬಂತೋ, ಅಥವಾ ಅವನ ಭಯಕ್ಕೇ ವಾಸನೆ ಬಂತೋ, ಹೇಳಲು ಬಾರದು.

“ಸಾಬ್ರ, ಹಬಿ ಬಂದ್ ಮಾಡ್ರಿ! ಪೂರಾ ಬಂದ್!” ಎಂದು ಕೂಗಿ ಮೋಟರಿನ ಗುಂಡಿಯನ್ನೂ ಆರಿಸಿದ. ಹಿತ್ತಲು ಒಮ್ಮೆಲೇ ನಿಶ್ಶಬ್ದವಾಯಿತು. ಒಳಗಿನಿಂದ ಪುರಾಣಿಕರ ದನಿ ಕೇಳಿಸಿತು.

“ಯಾಕೋ?” ಎಂದ ಅಮಾತೆಪ್ಪ ಬಾಗಿಲಿನಿಂದ.

“ಆತ್ರಿ ಮಾವ. ಬೆಂದೈತಿ.”

ಸುಳ್ಳಲ್ಲ, ಬೆಂದದ್ದು ನಿಜ. ಬೇಕಾದದ್ದಕ್ಕಿಂತ ಹೆಚ್ಚೇ ಬೆಂದಿತ್ತು.

ದೇವಪ್ಪ ಹಳೆಯ ಹುಟ್ಟನ್ನು ಹೆಗಲ ಮೇಲೆ ಹೊತ್ತು ಬಂದ. ಮುಂದಿನ ವರ್ಷ ಸೇವೆ ಹೋಗುವುದಾದರೆ ಇವನ ಮನೆಗೇ ಹೋಗಬೇಕು. ಆದರೂ ಮನುಷ್ಯ ಕೆಟ್ಟವನಲ್ಲ, ತೋಳಿನಲ್ಲಿ ಕಸುವಿತ್ತು, ಅಷ್ಟೇ. “ಅಳಿಯಾರ, ದಂಡಿ ಕಡೆ ಅಳ್ಳಾಡೂದಽ ಇಲ್ಲ ಅದು. ನಾ ಒಂದ ನಾಕ ಸುತ್ತು ಕೆರದು ತಿರುವತೇನಿ, ಸರ್‍ರೀರಿ.”

ಅಂದಪ್ಪ ಕೊಪ್ಪರಿಗೆಗೆ ಅಡ್ಡ ಬಂದು ನಿಂತ. ಈಗ ಕೆರೆದರೆ ಕತೆ ಮುಗಿದಂತೆಯೇ. ಗೋಡೆಗೆ ಹತ್ತಿದ ಕರಕೆಲ್ಲ ಕಿತ್ತು ಬಂದು ಇಡೀ ಕೊಪ್ಪರಿಗೆಗೆ ಹರಡುತ್ತದೆ, ಒಂದು ಅಗುಳೂ ಉಳಿಯುವುದಿಲ್ಲ. ಕೆರೆಯದೆ ಬಿಟ್ಟರೆ? ನಿಂತ ಪದರ ನಿಂತೇ ಇರುತ್ತದೆ. ಇಷ್ಟು ದಪ್ಪ ಹುಗ್ಗಿಯಲ್ಲಿ ಹೊತ್ತದ್ದು ಹೊತ್ತಲ್ಲಿಂದ ಏಳಲಾರದು; ಯಾವುದು ಈ ಅನಾಹುತ ಮಾಡಿತೋ ಅದೇ ಈಗ ನಡುವಿನ ಹುಗ್ಗಿಗೆ ಗೋಡೆಯಾಗಿ ನಿಲ್ಲಬೇಕು. ಪುಸ್ತಕ ಹೇಳುವುದು ಹಾಗೆ. ಆದರೆ ಪುಸ್ತಕ ಬರೆದವನಿಗೆ ಸಂಗಯ್ಯನವರ ಮುಂದೆ ಎಲೆ ಹಾಕುವ ಪ್ರಸಂಗ ಬಂದಿರಲಿಲ್ಲ. ಒಂದು ಚೂರು ನಾಲಿಗೆಗೆ ಇಟ್ಟು ನೋಡಿದ್ದರೆ ಆಗುತ್ತಿತ್ತು. ಸೌಟು ಕೈಯಲ್ಲೇ ಇತ್ತು. ಅವನು ಆ ಸೌಟನ್ನು ನೋಡಿದ, ಆಮೇಲೆ ಮಾವನ ಬಿದ್ದ ಕೈಯನ್ನು ನೋಡಿದ, ಸೌಟು ಕೆಳಗಿಟ್ಟ.

“ಬ್ಯಾಡ ದೇವಪ್ಪ. ಮುಟ್ಟಬ್ಯಾಡ.”

“ಅಲ್ರೀ, ನಿಂತೈತಿ ಅದು…”

“ನಿಂದ್ರಲಿ ಅಂತೇನಿ!”

ಎಲ್ಲರೂ ತಿರುಗಿ ನೋಡಿದರು. ಅಳಿಯನಾದವನು ಮಠದ ಹಿತ್ತಲಿನಲ್ಲಿ ಹೀಗೆ ಕೂಗಬಾರದು. ದೇವಪ್ಪ ಅಮಾತೆಪ್ಪನ ಮುಖ ನೋಡಿದ. ಅಮಾತೆಪ್ಪನ ಮೂಗು ಬಾಯಿ ವಸ್ತ್ರದೊಳಗಿದ್ದವು, ಕಣ್ಣು ಮಾತ್ರ ಹೊರಗಿದ್ದವು. ಅವು ಕೊಪ್ಪರಿಗೆಯ ಮೇಲೆ ಸ್ವಲ್ಪ ಹೊತ್ತು ನಿಂತು ಅಂದಪ್ಪನ ಮೇಲೆ ಬಂದವು.

“ಹುಟ್ಟ ಕೆಳಗ ಇಡು,” ಎಂದ ದೇವಪ್ಪನಿಗೆ. “ಅಂವ ಬ್ಯಾಡ ಅಂದಾನಲ್ಲ.”

ಅಲ್ಲಿಂದ ಮುಂದೆ ಅಂದಪ್ಪ ಮನುಷ್ಯನಾಗಿರಲಿಲ್ಲ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನಂತೆ ನುಂಗಲೂ ಆರದೆ ಉಗುಳಲೂ ಆರದೆ ಕೊಪ್ಪರಿಗೆಯ ಪಕ್ಕ ಕಾವಲು ನಿಂತ. ನೈವೇದ್ಯದ ಬಟ್ಟಲಿಗೆ ತಾನೇ ತೆಗೆದುಕೊಟ್ಟ, ನಟ್ಟನಡುವಿನಿಂದ, ಮೇಲೆ ಮೇಲೆ. ಮಾವನಿಗೆ ನಿಜ ಹೇಳಿಬಿಡಲೇ ಎಂದು ಒಮ್ಮೆ ಅನ್ನಿಸಿತು. ಹೇಳಿದರೆ ಮಾವ ಎದ್ದು ಹೋಗಿ ಸಂಗಯ್ಯನವರ ಕಾಲು ಹಿಡಿಯುತ್ತಾನೆ, ನೆರೆದ ಜನ ಹಸಿದು ಮನೆಗೆ ಹೋಗುತ್ತಾರೆ. ಹೇಳದಿದ್ದರೆ ಹೊತ್ತ ಅನ್ನವನ್ನು ದೇವರ ಮುಂದಿಟ್ಟ ಪಾಪ ತನಗೆ. ಪಾಪ ತನಗೇ ಇರಲಿ ಎಂದು ಸುಮ್ಮನಾದ. ಧೈರ್ಯದಿಂದ ಸುಮ್ಮನಾದನೆಂದು ತಿಳಿಯಬೇಡಿ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು.

ಮೊದಲ ಪಂಕ್ತಿ ಕೂತಿತು. ಸಂಗಯ್ಯನವರು ಎಲೆಯ ಮುಂದೆ ಕಣ್ಣು ಮುಚ್ಚಿ ಮಂತ್ರ ಹೇಳಿದರು. ‘ಹರಹರ ಮಹಾದೇವ’ ಎದ್ದು ತಣ್ಣಗಾಯಿತು. ಅವರು ಹುಗ್ಗಿಯನ್ನು ನಾಲ್ಕು ಬೆರಳಿನಿಂದ ಒತ್ತಿ, ತುಪ್ಪ ಹೀರಿಸಿ, ಒಂದು ತುತ್ತು ಬಾಯಿಗಿಟ್ಟರು. ಅಂದಪ್ಪ ಕಂಬದ ಮರೆಯಲ್ಲಿ ನಿಂತು ಅವರ ದವಡೆ ನೋಡುತ್ತಿದ್ದ. ದವಡೆ ಅಲ್ಲಾಡಿತು, ನಿಂತಿತು, ಮತ್ತೆ ಅಲ್ಲಾಡಿತು. ಯಾಕೆ ನಿಂತಿತು? ಈ ಮುದುಕರು ಯಾಕೆ ಇಷ್ಟು ನಿಧಾನ ಅಗಿಯುತ್ತಾರೆ? ಅವನು ಕಂಬವನ್ನು ತಬ್ಬಿ ಹಿಡಿದಿದ್ದ.

ಸಂಗಯ್ಯನವರು ಎರಡನೆಯ ತುತ್ತು ಮುರಿದರು. ಇಡೀ ಪಂಕ್ತಿ ಎಲೆಗೆ ಕೈ ಹಾಕಿತು.

ಉಂಡೆದ್ದ ಮೇಲೆ ಸಂಗಯ್ಯನವರು ತೆಂಗಿನಕಾಯಿ ತರಿಸಿದರು. ಸೇವೆ ಮೆಚ್ಚಿದರೆ ಕಾಯಿ ಕೊಡುವುದು ಮಠದ ಪದ್ಧತಿ. ಕಾಯಿ ಬಂತೆಂದರೆ ಮುಂದಿನ ವರ್ಷವೂ ಸೇವೆ ಆ ಮನೆಯದೇ. ಅಮಾತೆಪ್ಪ ಬಲಗೈ ಎತ್ತಲಾರದೆ, ಎಡಗೈ ಒಡ್ಡಲು ನಾಚಿ, ನಿಂತೇ ಇದ್ದ. ಸಂಗಯ್ಯನವರು ಅವನ ಹೆಗಲ ಶಲ್ಯದ ತುದಿ ಹಿಡಿದು ಅದರಲ್ಲಿ ಕಾಯಿ ಹಾಕಿ ಗಂಟು ಬಿಗಿದರು. “ಮಶೀನಾದರೂ ಅಡ್ಡಿಯಿಲ್ಲ,” ಎಂದರು. ಅಮಾತೆಪ್ಪನ ಕಣ್ಣಿನಿಂದ ನೀರು ಇಳಿದು ವಸ್ತ್ರದಲ್ಲಿ ಇಂಗಿತು.

ಆದರೆ ಅಂದಪ್ಪನ ಭಯ ಅಲ್ಲಿಗೆ ಮುಗಿಯಲಿಲ್ಲ, ಹೆಚ್ಚಾಯಿತು. ಪಂಕ್ತಿಯ ಮೇಲೆ ಪಂಕ್ತಿ ಕೂರುತ್ತಿತ್ತು, ಕೊಪ್ಪರಿಗೆಯಲ್ಲಿ ಹುಗ್ಗಿ ಇಳಿಯುತ್ತಿತ್ತು. ಬಕೆಟ್ಟು ತುಂಬುವ ಸೌಟನ್ನು ಅವನು ಯಾರ ಕೈಗೂ ಕೊಡಲಿಲ್ಲ. ಇಳಿದಂತೆಲ್ಲ ಗೋಡೆಯ ಮೇಲೆ ಅಂಗೈ ದಪ್ಪದ ಪದರ ಹಾಗೇ ಉಳಿದು ಕಾಣತೊಡಗಿತು. ಒಳಮೈ ಹಳದಿ, ಅದರ ಹಿಂದೆ ಕಂದು, ಅದರ ಹಿಂದೆ ಕಪ್ಪು. ಹೊರಗಿನ ಸದ್ದು ಅಡಗಿ, ಊರು ಉಂಡು ಎದ್ದಾಗ ಸೌಟಿಗೆ ಸಿಗಲು ಉಳಿದದ್ದು ಗೋಡೆಗೆ ಹತ್ತಿದ ಆ ಪದರ ಮಾತ್ರ.

ಕಡೆಯ ಪಂಕ್ತಿ ಅಡುಗೆಯವರದು. ಬಡಿಸಿದವರು, ಸೌದೆ ಒಡೆದವರು, ನೀರು ಹೊತ್ತವರು, ಎಲ್ಲರೂ ಹಿತ್ತಲಲ್ಲೇ ಎಲೆ ಹಾಕಿಕೊಂಡು ಕೂತರು. ದೇವರಿಗೆ ಅರ್ಪಿತವಾದ ಮೇಲೆ ಕೊಪ್ಪರಿಗೆಯಲ್ಲಿದ್ದದ್ದೆಲ್ಲ ಪ್ರಸಾದ, ಒಂದಗುಳು ಚೆಲ್ಲುವಂತಿಲ್ಲ. ಅಂದಪ್ಪ ಮಾವನ ಮುಂದೆ ಬಂದು ನಿಂತ.

“ಮಾವ, ತಳ ಹಿಡಿದೈತ್ರಿ. ತಪ್ಪು ನಂದು. ಮುಂಜಾನೆನಽ ಗೊತ್ತಾಗಿತ್ತು, ನಿಮಗ ಹೇಳಲಿಲ್ಲ. ಅದನ್ನ ನಾ ಒಬ್ಬನಽ ಉಣತೇನ್ರಿ. ಇವರಿಗೆ ಅನ್ನ ಸಾರು ಹಾಕಸ್ರಿ.”

ದೇವಪ್ಪ ಗೊಳ್ಳೆಂದು ನಕ್ಕ. “ಯವ್ವಾ, ಐತೇನ್ರಿ ಕರಕು! ಈ ಸಲ ಮಶೀನ್ ಹುಗ್ಗಿ, ನಮಗೇನ ಸಿಗೂದಿಲ್ಲ ಬಿಡು ಅಂತ ಮಾಡಿದ್ನಿ. ತರ್ರಿ, ತರ್ರಿ.”

ಅಂದಪ್ಪನಿಗೆ ಅರ್ಥವಾಗಲಿಲ್ಲ. ಅವನು ಮಾವನ ಮುಖ ನೋಡಿದ.

“ಇಷ್ಟ ಗಟ್ಟಿ ಹುಗ್ಗಿ ತಳ ಹಿಡೀದ ಇರತೈತೇನೋ ಹುಚ್ಚಪ್ಪ?” ಎಂದ ಅಮಾತೆಪ್ಪ. “ನಮ್ಮಪ್ಪನ ಕಾಲಕ್ಕೂ ಹಿಡೀತಿತ್ತು, ನನ್ನ ಕಾಲಕ್ಕೂ ಹಿಡೀತಿತ್ತು. ಮ್ಯಾಲ ಬರದಂಗ ನೋಡ್ಕೊಂಡ್ರ ಆತು. ಮ್ಯಾಲಿಂದು ಊರಿಗೆ, ತಳದ್ದು ನಮಗ. ಪ್ರತಿ ವರ್ಷ ನಾವು ಅದನ್ನ ಉಂಡಽ ಏಳೂದು.”

“ನಾನು ಯಾವತ್ತೂ ನೋಡಿಲ್ಲಲ್ರಿ?”

“ನಿನ್ನ ಅಳಿಯ ಅಂತ ಮೊದಲನೇ ಪಂಕ್ತಿಗೆ ಕುಂದರಸತಿದ್ವಿ. ಅಲ್ಲಿ ಕುಂತವಗ ಇದೆಲ್ಲಿ ಕಾಣಬೇಕು?”

ಅಂದಪ್ಪ ಅಲ್ಲೇ ಕುಕ್ಕರಗಾಲಲ್ಲಿ ಕೂತ. ನಗು ಬಂತು, ಸಿಟ್ಟೂ ಬಂತು. “ಅಂದ್ರ ಮುಂಜಾನೆ ನಿಮಗೂ ಗೊತ್ತಾಗಿತ್ತೇನ್ರಿ?”

“ಮೂಗಿಗೆ ಬಟ್ಟಿ ಕಟ್ಟಿದ್ದೆ, ಮೂಗ ಕೊಯ್ಕೊಂಡಿದ್ದಿಲ್ಲ.”

“ಮತ್ತ ಒಂದ ಮಾತು ಹೇಳಬಾರದಾಗಿತ್ತೇನ್ರಿ ಮಾವ! ನನ್ನ ಜೀವಾನಽ ಹೋಗಿತ್ತು.”

“ನನ್ನ ಜೀವನೂ ಹೋಗಿತ್ತು,” ಎಂದ ಅಮಾತೆಪ್ಪ. “ನೀ ಎಲ್ಲಿ ಹುಟ್ಟ ಹಾಕಸ್ತಿ ಅಂತ ಅಂಜಿ ಕುಂತಿದ್ದೆ. ಹಾಕಬ್ಯಾಡ ಅಂತ ನಾ ಹೇಳಿದ್ರ ಸೇವಾ ನಂದಽ ಆಗಿ ಉಳೀತಿತ್ತು. ನಾ ಇನ್ನ ಎಷ್ಟ ದಿನ? ನಿನ್ನ ಬಾಯಿಲೆ ಬರಲಿ ಅಂತ ಕಾಯ್ದೆ.”

ಲಾಡಸಾಬ ಕೊಪ್ಪರಿಗೆಗೆ ಇಳಿದು ಕಬ್ಬಿಣದ ಪಟ್ಟಿಯಿಂದ ಕರಕು ಎಬ್ಬಿಸಿ ಕೊಟ್ಟ. ದೇವಪ್ಪ ಎಲೆ ಎಲೆಗೆ ಒಂದೊಂದು ಚೂರು ಹಾಕುತ್ತ ಬಂದ. ಅಮಾತೆಪ್ಪ ಅಂದಪ್ಪನನ್ನು ತನ್ನ ಪಕ್ಕದ ಎಲೆಗೆ ಕರೆದ. ಕೈ ಬಿದ್ದ ಮೇಲೆ ಆ ಮನುಷ್ಯ ನಾಲ್ಕು ಜನರೆದುರು ಉಂಡವನಲ್ಲ. ಮನೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಹೆಂಡತಿಯ ಕೈಯಿಂದ ಉಣ್ಣುತ್ತಿದ್ದ; ಮಗಳು ತುತ್ತು ಹಿಡಿದರೂ ಮುಖ ತಿರುಗಿಸುತ್ತಿದ್ದ. ಈಗ ಎಲೆಯ ಮುಂದೆ ಕೂತು, ಎಲ್ಲರ ನಡುವೆ, ಸುಮ್ಮನೆ ಅಳಿಯನತ್ತ ತಿರುಗಿದ.

ಅಂದಪ್ಪ ಕರಕನ್ನು ಮುರಿದ. ಗಟ್ಟಿಯಾಗಿತ್ತು, ಎರಡೂ ಕೈ ಬೇಕಾಯಿತು. ಕಪ್ಪು ಹೆಚ್ಚಿದ್ದ ಭಾಗವನ್ನು ತನ್ನ ಎಲೆಗೆ ಸರಿಸಿ, ಹಳದಿ ಉಳಿದಿದ್ದ ಚೂರನ್ನು ಮಾವನ ಬಾಯಿಯ ಹತ್ತಿರ ಒಯ್ದ.

“ಅದಲ್ಲ,” ಎಂದ ಅಮಾತೆಪ್ಪ. “ಕರೇದ ಕೊಡು. ಇಬ್ಬರೂ ಹಂಚಿಕೊಂಡು ಉಣ್ಣೂಣು.”

ಅಂದಪ್ಪ ಕಪ್ಪು ಚೂರನ್ನು ಎರಡು ಮಾಡಿ, ಒಂದನ್ನು ಮಾವನ ಬಾಯಿಗಿಟ್ಟು, ಇನ್ನೊಂದನ್ನು ತಾನು ತಿಂದ. ಕಹಿಯಾಗಿತ್ತು.